ಅಳಿಯಂದಿರು ಮೆಟ್ಟಿಲಲ್ಲಿ ನಿಂತು ಕೂಗಿದ್ದು

ಮನೆಯಿಂದ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಸಲ ಬರೆದಿದ್ದ ಕೆಮ್ಮು ಕಡಿಮೆಯಾಯಿತೇ? ಸುರಂಗ ಕೊರೆಯುವ ಕಡೆ ದೂಳು ಎಷ್ಟಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟ ಮುಸುಕನ್ನು ಕೊರಳಿಗೆ ನೇತುಹಾಕಿಕೊಂಡು ಓಡಾಡಬೇಡ. ನೀನು ಮೇಲಿನ ಎಂಜಿನಿಯರ್ ಅಂತ ದೂಳು ನೋಡಿಕೊಂಡು ಪಕ್ಕಕ್ಕೆ ಸರಿದು ಹೋಗುವುದಿಲ್ಲ. ಗಿರಣಿಯಲ್ಲಿ ನಾವೂ ಹಾಗೇ ನಗುತ್ತಾ ನೂಲು ತೆಗೆದೆವು, ಹತ್ತಿಯ ದೂಳು ನುಂಗಿದೆವು. ಈಗ ನೋಡು, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡು. ಒದ್ದೆ ಕಾಲುಚೀಲದಲ್ಲೇ ಮಲಗಬೇಡ.

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಇಲ್ಲಿ ಬೀಸಿದ ಬಿರುಗಾಳಿಯ ಸುದ್ದಿ ಲಾರಿಯವರ ಬಾಯಲ್ಲಿ ನಿಮ್ಮ ಕ್ಯಾಂಪಿಗೂ ತಲುಪಿರುತ್ತದೆ, ಅದರಲ್ಲಿ ಇರುವೆ ಆನೆಯಾಗಿರುತ್ತದೆ. ನಿನಗಂತೂ ಅಲ್ಲಿ ಫೋನು ಸಿಗುವುದಿಲ್ಲ. ನಿಮ್ಮ ಸಾಮಾನಿನ ಲಾರಿ ಇವತ್ತು ಹೊರಡುತ್ತದಂತೆ. ಅದಕ್ಕೇ ಹಲ್ಲುಜ್ಜಿದವಳೇ ಬರೆಯಲು ಕೂತಿದ್ದೇನೆ. ಕೈಬರಹ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ.

ಹೊರಡುವ ಮುಂಚೆ ನೀನು ಮಾಡಿದ ರಂಪವೆಲ್ಲ ನೆನಪಿದೆಯಲ್ಲ? ಕೋಣೆಗೊಂದು ಟಾರ್ಚು, ಕತ್ತಲಲ್ಲೂ ಕಾಣಲಿ ಅಂತ ಅದರ ಹಿಡಿಗೆ ಹೊಳೆಯುವ ಪಟ್ಟಿ. ಬಚ್ಚಲಲ್ಲಿ ಮುಚ್ಚಳದ ಡ್ರಮ್ಮು ತುಂಬ ನೀರು. ನನಗೆ ಆಕ್ಸಿಜನ್ ಕೊಡುವ ಯಂತ್ರಕ್ಕೆಂದೇ ದೊಡ್ಡ ಬ್ಯಾಟರಿ. ಅದೂ ಮುಗಿದರೆ ಇರಲಿ ಅಂತ ಮೂಲೆಯಲ್ಲಿ ಸರಪಳಿ ಬಿಗಿದು ನಿಲ್ಲಿಸಿದ ಆಕ್ಸಿಜನ್ ಸಿಲಿಂಡರು. ನನ್ನ ಕೋಣೆಯೊಳಗೆ ಕಡ್ಡಿಪೆಟ್ಟಿಗೆ, ಮೇಣದಬತ್ತಿ ಕಾಲಿಡಕೂಡದು ಎಂಬ ಕಾನೂನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲೆಯುತ್ತಾಳೆ ನನ್ನ ಮಗಳು ಅಂತ ಎದುರುಮನೆ ಟೀಚರಮ್ಮನ ಹತ್ತಿರ ನಗೆಯಾಡಿದ್ದೆ. ಅಳಿಯಂದಿರು ಪುಸ್ತಕದ ರಟ್ಟಿಗೆ ಅಂಟು ಬಳಿದುಕೊಂಡು ಕೂತಿದ್ದಾಗ ನೀನು ಹೇಳದೆ ಕೇಳದೆ ಮೈನ್ ಸ್ವಿಚ್ ಆರಿಸಿ, "ಈಗ ಅಮ್ಮನಿಗೆ ಏನು ಮಾಡ್ತೀರಿ, ಮಾಡಿ ತೋರಿಸಿ" ಅಂದೆ. ಪಾಪದ ಮನುಷ್ಯ ಅಂಟು ಮೆತ್ತಿದ ಕೈಯಲ್ಲೇ ಓಡಿ ಬಂದು ನಳಿಗೆ ಬದಲಾಯಿಸಿದರು. ಆ ಅಂಟು ಇನ್ನೂ ಸಿಲಿಂಡರಿನ ಕುತ್ತಿಗೆಯಲ್ಲಿದೆ.

ಬುಧವಾರ ಮಧ್ಯಾಹ್ನ ಗಾಳಿ ಎದ್ದಿತು. ಎದುರಿನ ಕಟ್ಟಡದ ತಗಡು ಕಾಗದದ ಹಾಗೆ ಹಾರಿ ಬೀದಿಯ ಮರಕ್ಕೆ ಸಿಕ್ಕಿಕೊಂಡಿತು, ಆಮೇಲೆ ಆ ಮರವೇ ಮಲಗಿತು. ಊರ ಹೊರಗಿನ ದೊಡ್ಡ ವಿದ್ಯುತ್ ಗೋಪುರ ಬಿದ್ದಿದೆಯಂತೆ. ಕರೆಂಟು ಹೋದದ್ದೇ ತಡ, ನನ್ನ ಯಂತ್ರ ಒಮ್ಮೆ ಕಿರ್ರೆಂದು ಬ್ಯಾಟರಿಗೆ ಹಾರಿತು. ನೀನು ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಲಿಲ್ಲ. ಕತ್ತಲಾಗುವ ಹೊತ್ತಿಗೆ ಬ್ಯಾಟರಿಯ ಕೆಂಪು ದೀಪ ಬಂತು, ಅಳಿಯಂದಿರು ಸಿಲಿಂಡರು ಬಿಚ್ಚಿದರು, ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅಲ್ಲಿಯವರೆಗೆ ಎಲ್ಲ ನಿನ್ನ ಲೆಕ್ಕದ ಪ್ರಕಾರವೇ ನಡೆಯಿತು. ಬೆಳಗಾದರೂ ಕರೆಂಟು ಬರಲಿಲ್ಲ ನೋಡು, ಅಲ್ಲಿ ಲೆಕ್ಕ ತಪ್ಪಿತು.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಮುಳ್ಳು ಹಸಿರಿನಿಂದ ಹಳದಿಗೆ ಇಳಿದಿತ್ತು. ಫೋನುಗಳು ಸತ್ತಿದ್ದವು. ಅಳಿಯಂದಿರು ಸೈಕಲ್ ಹೊತ್ತುಕೊಂಡು ಮರಗಳನ್ನು ದಾಟಿ ಸಿಲಿಂಡರು ಕೊಡುವ ಅಂಗಡಿಗೆ ಹೋದರು. ಅದಕ್ಕೆ ಬೀಗ. ಇದ್ದ ಸಿಲಿಂಡರೆಲ್ಲ ಆಸ್ಪತ್ರೆಗೆ ಹೋಗಿವೆ ಅಂತ ಪಕ್ಕದವರು ಹೇಳಿದರಂತೆ. ಆಸ್ಪತ್ರೆಗೆ ಹೋದರು. ಅಲ್ಲಿಯವರು ಕೆಟ್ಟವರಲ್ಲ, ಆದರೆ ವರಾಂಡದಲ್ಲೂ ಜನ ಮಲಗಿದ್ದರು. ರೋಗಿಯನ್ನು ಕರೆತನ್ನಿ, ನೋಡೋಣ ಅಂದರು. ಕರೆತರುವುದು ಹೇಗೆ? ಲಿಫ್ಟಿಲ್ಲ, ಬೀದಿಯಲ್ಲಿ ಗಾಡಿ ಬರುವ ಹಾಗಿಲ್ಲ, ನಿನ್ನಮ್ಮ ಹೂವಿನ ಬುಟ್ಟಿಯೇನೂ ಅಲ್ಲ. ವಾಪಸು ಬಂದವರು ಮುಳ್ಳನ್ನೇ ನೋಡುತ್ತಾ ನಿಂತರು. "ಇಬ್ಬರೂ ಸೇರಿ ಹೀಗೆ ದುರುಗುಟ್ಟಿ ನೋಡಿದ್ರೆ ಅದು ನಾಚ್ಕೊಂಡು ಇನ್ನೂ ಕೆಳಗೇ ಹೋಗುತ್ತೆ" ಅಂದೆ. ಅವರು ನಗಲಿಲ್ಲ. ನನಗೂ ನಗು ಬಂದು ಹೇಳಿದ್ದಲ್ಲ. ತುಟಿ ಸಣ್ಣ ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಡಾಕ್ಟರು ಹೇಳಿಕೊಟ್ಟಿದ್ದರಲ್ಲ, ಕಿಟಕಿಯ ಹತ್ತಿರ ನೆಟ್ಟಗೆ ಕೂತು ಅದನ್ನೇ ಮಾಡುತ್ತಿದ್ದೆ. ಬೆರಳಿನ ಉಗುರು ನೀಲಿಗಟ್ಟಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಅವರು ಸೆರಗು ಸರಿಸಿ ನೋಡಿದರು, ಮತ್ತೆ ಮುಚ್ಚಿದರು, ಎದ್ದು ಹೊರಗೆ ಹೋದರು.

ನಿನ್ನ ಗಂಡನ ಉಗ್ಗು ನನಗಿಂತ ನಿನಗೆ ಗೊತ್ತು. ಅಂಗಡಿಯಲ್ಲಿ ಬೇಕಾದದ್ದನ್ನು ಬೆರಳು ಮಾಡಿ ತೋರಿಸುವವರು, ಬಸ್ಸಿನಲ್ಲಿ ಇಳಿಯುವ ಕಡೆಯ ಹೆಸರು ಹೇಳಲಾಗದೆ ಮುಂದಿನ ನಿಲ್ದಾಣದಿಂದ ನಡೆದು ಬರುವವರು. ಅವರು ಮೊದಲು ಎದುರುಮನೆ ಬಾಗಿಲು ತಟ್ಟಿದರು. ಟೀಚರಮ್ಮ ಒಳಗಿನಿಂದ "ಯಾರು?" ಅಂದರು. ಉತ್ತರವಿಲ್ಲ. "ಯಾರು? ಯಾರದು ಅಂತ ಕೇಳ್ತಿದೀನಲ್ಲ!" ಮತ್ತೂ ಉತ್ತರವಿಲ್ಲ, ಬಾಗಿಲಾಚೆ ಏನೋ ಗಂಟಲಲ್ಲಿ ಸಿಕ್ಕಿಕೊಂಡ ಸದ್ದು ಮಾತ್ರ. ಕತ್ತಲೆ ಮೆಟ್ಟಿಲು, ಒಂಟಿ ಹೆಂಗಸು. ಆಕೆ ಇನ್ನೊಂದು ಚಿಲಕವನ್ನೂ ಹಾಕಿಕೊಂಡ ಸದ್ದು ನನಗೇ ಕೇಳಿಸಿತು. ಆಕೆಯನ್ನು ಬೈಯಲಾರೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಅಳಿಯಂದಿರು ಮೆಟ್ಟಿಲ ತಿರುವಿಗೆ ಹೋಗಿ, ಕಂಬಿ ಹಿಡಿದು ನಿಂತು, ಮೇಲಕ್ಕೂ ಕೆಳಕ್ಕೂ ಕೇಳುವ ಹಾಗೆ ಕೂಗಿದರು. "ನಮ್ಮತ್ತೆಗೆ" ಅನ್ನುವವರೆಗೆ ಬಂತು. "ಉಸಿರು" ಅನ್ನುವುದು ಬರಲಿಲ್ಲ. ಉ, ಉ, ಉ ಅಂತ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ ಅಲ್ಲೇ ನಿಂತಿತು. ಬೇರೆ ಯಾವುದಾದರೂ ಸುಲಭದ ಮಾತು ಹುಡುಕಬಾರದೇ, ಬೆಂಕಿ ಅನ್ನಲಿ, ಕಳ್ಳ ಅನ್ನಲಿ ಅಂತ ನಾನು ಒಳಗೆ ಒದ್ದಾಡುತ್ತಿದ್ದೆ. ಅವರು ಬಿಡಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ಮೇಲೆ ಯಾರೋ ಬಾಗಿಲು ತೆರೆದು ನಿಂತದ್ದು ಕೇಳಿಸಿತು, ಕೆಳಗೂ ಒಂದು ಬಾಗಿಲು. ಯಾರೂ ನಗಲಿಲ್ಲ, ಇಡೀ ಕಟ್ಟಡ ಒಂದು ಮಾತಿಗಾಗಿ ಕಾದು ನಿಂತಿತ್ತು. ಮೂರನೆಯ ಸಲಕ್ಕೆ ಬಂತು. "ನಮ್ಮತ್ತೆಗೆ ಉಸಿರಿಲ್ಲ! ಕರೆಂಟಿದ್ದವರು ಕೊಡಿ!" ನಿನ್ನ ಗಂಡನ ದನಿ ಅಷ್ಟು ದೊಡ್ಡದು ಅಂತ ನಿನಗಾದರೂ ಗೊತ್ತಿತ್ತೇನೇ?

ಕೆಳಗಿನಿಂದ ಐಸ್‌ಕ್ರೀಮ್ ಅಂಗಡಿಯ ತಂಪಣ್ಣ ಓಗೊಟ್ಟ. "ನನ್ನ ಹತ್ರ ಇದೆ ಸ್ವಾಮಿ, ಇಳಿಸ್ಕೊಂಡು ಬನ್ನಿ!" ಅವನು ಆವತ್ತು ಬೆಳಿಗ್ಗೆ ತಾನೇ ಎಲ್ಲಿಂದಲೋ ಪುಟ್ಟ ಜನರೇಟರ್ ತಂದು ಹಿಂದಿನ ಓಣಿಯಲ್ಲಿ ಇಟ್ಟುಕೊಂಡಿದ್ದನಂತೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಅವನೇ ಮೇಲೆ ಓಡಿ ಬಂದ. ಊಟದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹಗ್ಗ ಸಿಗದೆ ನಿನ್ನ ಹಳೇ ಓಢಣಿಯಲ್ಲಿ ಕಟ್ಟಿ, ತಂಪಣ್ಣ ಮುಂದೆ, ಅಳಿಯಂದಿರು ಹಿಂದೆ ಹಿಡಿದರು. ಕೂಗು ಕೇಳಿ ಬಾಗಿಲು ತೆಗೆದಿದ್ದ ಟೀಚರಮ್ಮ ಅಳುತ್ತಾ ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಪಕ್ಕದಲ್ಲೇ ಇಳಿದರು. ಇನ್ಯಾರೋ ಯಂತ್ರ ಹೊತ್ತರು, ಇನ್ಯಾರೋ ಟಾರ್ಚು ಹಿಡಿದರು. ಒಂದು ತಿರುವಿನಲ್ಲಿ ನನ್ನ ಮೊಣಕೈ ಗೋಡೆಗೆ ಉಜ್ಜಿತು ನೋಡು, ಉಸಿರೇ ಇಲ್ಲದವಳಿಗೆ ಎಲ್ಲಿಂದ ಬಂತೋ, "ಲೋ, ಬಲಕ್ಕೆ ತಗೊಳ್ಳೋ! ಕಣ್ಣು ಕಾಣಲ್ವೇನೋ!" ಅಂದುಬಿಟ್ಟೆ. ಅಳಿಯಂದಿರಿಗೆ! ಇಷ್ಟು ವರ್ಷ ಬನ್ನಿ, ಕೂತ್ಕೊಳ್ಳಿ ಅಂದ ಬಾಯಿ! ಅವರು "ಆ-ಆಯ್ತು" ಅಂದು ಬಲಕ್ಕೆ ತೆಗೆದುಕೊಂಡರು. ಹಿಂದೆ ತಿರುಗಿ ನೋಡಿದರೆ ಮುಖವೆಲ್ಲ ಬೆವರು, ಅದರ ನಡುವೆ ನಗು.

ಅಂಗಡಿಯಲ್ಲಿ ಇನ್ನೊಂದು ಫಜೀತಿ. ಜನರೇಟರನ್ನು ಒಳಗೇ ತಂದರೆ ವೈರು ಸಾಲುತ್ತದೆ ಅಂತ ಯಾರೋ ಅಂದರು. ಅಳಿಯಂದಿರು ಎರಡೂ ಕೈ ಅಡ್ಡ ಹಿಡಿದು ನಿಂತರು. ಅದರ ಹೊಗೆ ಮುಚ್ಚಿದ ಜಾಗದಲ್ಲಿ ಸದ್ದಿಲ್ಲದೆ ಕೊಲ್ಲುತ್ತದೆ ಅಂತ ನೀನು ಪಾಠ ಹೇಳಿದ್ದೆಯಲ್ಲ. ಉದ್ದದ ವೈರು ಹುಡುಕಿ ಕಿಟಕಿಯಿಂದ ಎಳೆದರು. ನನ್ನ ಯಂತ್ರ ಹಚ್ಚಿದ ಕೂಡಲೇ ಜನರೇಟರ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಐಸ್‌ಕ್ರೀಮಿನ ಪೆಟ್ಟಿಗೆಯನ್ನೂ ನನ್ನನ್ನೂ ಒಟ್ಟಿಗೆ ಸಾಕುವ ಶಕ್ತಿ ಅದಕ್ಕಿರಲಿಲ್ಲ. ತಂಪಣ್ಣ ಒಂದು ಸಲ ಪೆಟ್ಟಿಗೆಯ ಕಡೆ ನೋಡಿದ. ಬೇಸಿಗೆ ಶುರುವಾಗುತ್ತದೆ ಅಂತ ಅದನ್ನು ತುಂಬಿಸಿಟ್ಟು ಎರಡು ದಿನವೂ ಆಗಿರಲಿಲ್ಲ. ಅದರ ಪ್ಲಗ್ ಎಳೆದು ಪಕ್ಕಕ್ಕಿಟ್ಟ. ಯಂತ್ರ ಗುರ್ರೆಂದಿತು. ಮೂಗಿಗೆ ತಣ್ಣನೆ ಗಾಳಿ ಬಂದಾಗ ನನಗೆ ಕಣ್ಣೀರು ಬಂತು ಕಣೇ, ಸಿಲಿಂಡರಿನ ಮುಳ್ಳು ಕೆಂಪಿನ ಕೊನೆಯಲ್ಲಿತ್ತು. ಅವನು ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವ ಹಾಗೆ, "ಬನ್ರೋ, ಕರಗೋದ್ರೊಳಗೆ ತಿನ್ರೋ, ಇವತ್ತು ಎಲ್ಲ ಪುಕ್ಕಟೆ!" ಅಂದ. ನಾನೂ ನಳಿಗೆಯ ಕೆಳಗಿಂದ ಚಮಚ ತೂರಿಸಿ ತಿಂದೆ. ಡಾಕ್ಟರಿಗೆ ಹೇಳಬೇಡ.

ಶನಿವಾರ ಮಧ್ಯಾಹ್ನ ಕರೆಂಟು ಬರುವ ತನಕ ಅಲ್ಲೇ ನಮ್ಮ ಬಿಡಾರ. ಮೇಜುಗಳನ್ನು ಸೇರಿಸಿ ನನಗೆ ಹಾಸಿಗೆ ಮಾಡಿದ್ದರು. ಕಟ್ಟಡದವರು ಸರದಿಯ ಮೇಲೆ ಜನರೇಟರಿಗೆ ಎಣ್ಣೆ ಹುಡುಕಿ ತಂದರು. ಆ ಬಿಡಾರದಲ್ಲಿ ನಿನ್ನ ಗಂಡ ಮಾತಾಡಿದರು. ಹೌದು, ನನ್ನ ಹತ್ತಿರವೇ. ತಾವು ರಟ್ಟು ಹಾಕುತ್ತಿರುವ ಹಳೇ ಪುಸ್ತಕದ ಪುಟಗಳನ್ನು ಹುಳ ಹೇಗೆ ಸುತ್ತು ಬಳಸಿ ತಿಂದಿದೆ ಅಂತ ಶುರು ಮಾಡಿದವರು ತಮ್ಮ ತಾಯಿಯ ವಿಷಯಕ್ಕೆ ಬಂದರು. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ಮಾತು ಬಾರದೆ ಗೈರುಹಾಜರಾಗುತ್ತಿದ್ದದ್ದನ್ನೂ ಹೇಳಿದರು. ಅವರಿಗೆ ಒಂದು ಮಾತು ಮುಗಿಯಲು ಹೊತ್ತು ಬೇಕು, ನನಗೆ ಅದಕ್ಕೆ ಉತ್ತರ ಕೊಡಲು ಉಸಿರು ಕೂಡಿಸಿಕೊಳ್ಳಬೇಕು. "ಒಳ್ಳೇ ಜೋಡಿ ನಿಮ್ದು, ಒಂದು ಮಾತು ಮುಗಿಯೋದ್ರೊಳಗೆ ನಾನು ಅಂಗಡಿ ಗುಡಿಸಿ ಮುಗಿಸ್ತೀನಿ" ಅಂತ ತಂಪಣ್ಣ ರೇಗಿಸಿದ. ನನಗಂತೂ ಯಾವ ಅವಸರವೂ ಇರಲಿಲ್ಲ.

ಈಗ ಮನೆಯಲ್ಲಿದ್ದೇವೆ. ಹೊಸ ಸಿಲಿಂಡರು ಬಂದಿದೆ, ಒಂದಲ್ಲ, ಎರಡು. ನನ್ನಂಥವರು ಎಲ್ಲೆಲ್ಲಿದ್ದಾರೆಂದು ಕರೆಂಟಿನ ಕಚೇರಿಯವರು ಬರೆದಿಟ್ಟುಕೊಳ್ಳುತ್ತಾರಂತೆ, ಅಳಿಯಂದಿರು ನಾಳೆ ಹೋಗಿ ನಮ್ಮದನ್ನೂ ಬರೆಸುತ್ತಾರೆ. ಟೀಚರಮ್ಮ ನಿನ್ನೆ ಸಂಜೆಯೇ ಮನೆ ಮನೆಗೂ ಹೋಗಿ, ಕರೆಂಟು ಹೋದರೆ ನಿಮ್ಮಲ್ಲಿ ಯಾರಿಗೆ ತೊಂದರೆ ಅಂತ ಕೇಳಿ ಬಂದರು. ಮೇಲಿನ ಮನೆಯ ಗಡ್ಡದ ಮೇಷ್ಟ್ರು ಸಕ್ಕರೆ ಕಾಯಿಲೆಯ ಇಂಜೆಕ್ಷನ್ನನ್ನು ತಣ್ಣಗಿಡಲಾಗದೆ ಒದ್ದೆ ಬಟ್ಟೆ ಸುತ್ತಿಕೊಂಡು ಆ ದಿನಗಳನ್ನೆಲ್ಲ ಒಬ್ಬರೇ ಕಳೆದರಂತೆ. ಕೇಳಿದ್ದರೆ ಹೇಳುತ್ತಿದ್ದೆ ಅಂದರಂತೆ. ನಾವ್ಯಾರೂ ಕೇಳಿರಲಿಲ್ಲ. ನೀನು ಈ ಕಾಗದ ಓದಿ ಎದೆ ಬಡಿದುಕೊಂಡು, ರಜೆ ಹಾಕಿ ಓಡಿ ಬರಬೇಡ. ಇಲ್ಲಿ ನಿನ್ನಿಂದ ಆಗಬೇಕಾದದ್ದು ಸದ್ಯಕ್ಕೆ ಏನೂ ಇಲ್ಲ. ನಿನ್ನ ಕೈಕೆಳಗಿನವರನ್ನು ಗದರಬೇಡ, ಗದರಿದರೂ ಊಟದ ಹೊತ್ತಿನಲ್ಲಿ ಬೇಡ.

ನೀವು ಕೊರೆಯುತ್ತಿರುವ ಬೆಟ್ಟದ ಆಚೆ ಬದಿಯ ಬೆಳಕು ಬೇಗ ಕಾಣಲಿ, ಹೋದವರೆಲ್ಲ ಹೋದ ಹಾಗೇ ಹಿಂದಿರುಗಿ ಬನ್ನಿ. ನಿನ್ನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ತಿನ್ನಿಸುವುದು ಸುಲಭವಲ್ಲ ಅಂತ ನನಗೆ ಗೊತ್ತು.

ಇಂತೀ ನಿನ್ನ
ಅಮ್ಮ

ಮರೆತ ಮಾತು: ಲಾರಿಯವನು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನೀನು ಕ್ಯಾಂಪಿಗೆ ಹೋದ ವಾರವೇ ನಾನು ಊರಾಚೆಯ ವೃದ್ಧಾಶ್ರಮಕ್ಕೆ ಫೋನು ಮಾಡಿ ನನಗೊಂದು ಮಂಚ ಗೊತ್ತು ಮಾಡಿಕೊಂಡಿದ್ದೆ. ಬರುವ ಒಂದನೇ ತಾರೀಕು ಹೋಗುವುದೆಂದಿತ್ತು. ನಿಮಗಿಬ್ಬರಿಗೂ ಹೇಳಿರಲಿಲ್ಲ, ಹೇಳಿದರೆ ಬಿಡುತ್ತಿರಲಿಲ್ಲ. ಮಗಳು ಮನೆಯಲ್ಲಿಲ್ಲ, ಅಳಿಯಂದಿರು ನನ್ನೊಡನೆ ಮಾತೇ ಆಡುವುದಿಲ್ಲ, ಬೇಸರ ಹೊರಗೆ ಹೇಳಲಾರರು, ಸುಮ್ಮನೆ ಯಾಕೆ ಭಾರವಾಗಿರಲಿ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಫೋನಿಗೆ ಜೀವ ಬಂದ ಕೂಡಲೇ, ಬರುವುದಿಲ್ಲ, ಮಂಚ ಬೇರೆಯವರಿಗೆ ಕೊಡಿ ಅಂದೆ. ನಿನ್ನ ಗಂಡನಿಗೆ ಇದನ್ನು ಯಾವತ್ತೂ ಹೇಳಬೇಡ, ನೊಂದುಕೊಳ್ಳುತ್ತಾನೆ.