ಎಂಜಿನ್ ಸದ್ದಿಗೆ ಬರುವ ಮೊಸಳೆಗಳು

ನದಿ ವಿಹಾರ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ದೋಣಿಗಳಿಂದ ಮೊಸಳೆಗಳಿಗೆ ಮಾಂಸ ಎಸೆಯುವುದನ್ನು ಇವತ್ತೇ ನಿಲ್ಲಿಸಿ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಪತ್ರಿಕೆಯವರು ತಿದ್ದಿಯಾರು, ಹೆದರಿಕೆಯನ್ನು ತಿದ್ದುವವರು ಯಾರು?

ಈ ಹೊಳೆಗೆ ಮೊಸಳೆ ಹೊಸದಲ್ಲ. ಅಜ್ಜಂದಿರ ಕಾಲದಿಂದ ಅವು ಆಚೆ ದಡದ ಮರಳಲ್ಲಿ ಮಲಗುತ್ತಿದ್ದವು, ನಾವು ಈಚೆ ದಡದಲ್ಲಿ ಸೌತೆ, ಕುಂಬಳ ಬೆಳೆಯುತ್ತಿದ್ದೆವು. ಮನುಷ್ಯರನ್ನು ಕಂಡರೆ ಅವೇ ನೀರಿಗೆ ಜಾರುತ್ತಿದ್ದವು. ಆದರೆ ನಿಮ್ಮ ಪ್ರವಾಸಿಗಳಿಗೆ ಮಲಗಿದ ಮೊಸಳೆ ಸಾಲದಲ್ಲ! ಅದು ಬಾಯಿ ತೆರೆಯಬೇಕು, ಫೋಟೊಗೆ ಮುಖ ಕೊಡಬೇಕು. ಹಾಗಾಗಿ ದೋಣಿಯವರು ಎಂಜಿನ್ ಗುಡುಗಿಸುತ್ತ ಕೋಳಿ ಎಸೆದರು. ಸದ್ದಾದರೆ ಊಟ ಎಂದು ಮೊಸಳೆಗಳು ಕಲಿತವು. ನಮ್ಮ ಡೀಸೆಲ್ ಪಂಪೂ ಹಾಗೆಯೇ ಗುಡುಗುತ್ತದಲ್ಲ ಸ್ವಾಮಿ, ಆ ವ್ಯತ್ಯಾಸವನ್ನು ಅವಕ್ಕೆ ಯಾವ ಮೇಷ್ಟ್ರು ಕಲಿಸಬೇಕಿತ್ತು?

ಕಳೆದ ವಾರ ಬೆಳಿಗ್ಗೆ ಪಂಪ್ ಚಾಲೂ ಮಾಡಿದೆ. ನೀರು ಏರಲಿಲ್ಲ. ಪೈಪಿನ ಬಾಯಿಗೆ ಪಾಚಿ ಕಟ್ಟಿರಬೇಕೆಂದು ನನ್ನ ನಾದಿನಿ ಮೊಣಕಾಲುದ್ದದ ನೀರಿಗಿಳಿದಳು.

"ಆರಿಸಬೇಡಿ ಅತ್ತಿಗೆ, ಈಗ್ಲೇ ಬಿಡಿಸ್ತೀನಿ" ಅಂದಳು.

ಅವಳ ಬೆನ್ನ ಹಿಂದೆ ನೀರು ಸೀಳಿಕೊಂಡು ಮೊಸಳೆ ಬಂತು. ಕೂಗಿದೆ, ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಅದು ಕಾಲು ಕಚ್ಚಿ ಆಳಕ್ಕೆ ಎಳೆದಿತ್ತು; ಅವಳು ಕುತ್ತಿಗೆವರೆಗೆ ಮುಳುಗಿದ್ದಳು, ಎರಡೂ ಕೈಯಲ್ಲಿ ಪೈಪನ್ನು ಬಾಚಿ ಹಿಡಿದಿದ್ದಳು. ಸನಿಕೆಯಿಂದ ಅದರ ಮೂತಿಗೆ ಹೊಡೆದೆ, ಹೊಡೆಯುತ್ತಲೇ ಇದ್ದೆ. ಕೊನೆಗೆ ಬಿಟ್ಟಿತು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳು ಕೇಳಿದ ಮೊದಲ ಮಾತು: "ಅತ್ತಿಗೆ, ಪಂಪ್ ಆರಿಸಿದ್ರಾ?"

ನಿಮ್ಮಲ್ಲಿಗೆ ಬಂದೆ. ಫ್ಯಾನಿನ ಕೆಳಗೆ ಕೂತು ಹೇಳಿದಿರಿ: "ಮೊಸಳೆ ನಾಚಿಕೆಯ ಪ್ರಾಣಿ ಕಣಮ್ಮ. ನೀವು ನೀರಿಗಿಳಿಯದಿದ್ದರಾಯ್ತು." ಆಮೇಲೆ ಕನಿಕರವನ್ನೂ ತೋರಿಸಿದಿರಿ. ಅಂಥ ಕಣ್ಣೀರಿಗೆ ನಮ್ಮ ಭಾಷೆಯಲ್ಲಿ ಯಾವ ಪ್ರಾಣಿಯ ಹೆಸರಿದೆಯೆಂದು ನಾನು ಹೇಳಬೇಕಿಲ್ಲ.

ಈಗ ಊರಿನ ಗಂಡಸರು ಮಾಂಸಕ್ಕೆ ವಿಷ ಬೆರೆಸುವ ಮಾತಾಡುತ್ತಿದ್ದಾರೆ. ನನ್ನ ಗಂಡನೂ ಆ ಗುಂಪಿನಲ್ಲಿದ್ದಾರೆ. "ಅದೇ ನೀರಲ್ವೇನ್ರೀ ನಾವು ಕುಡಿಯೋದು?" ಅಂದರೆ ಮುಖ ತಿರುಗಿಸುತ್ತಾರೆ. ಮೊಸಳೆಗೆ ಎಷ್ಟು ಹೆದರುತ್ತೇನೋ, ಇವರಿಗೂ ಅಷ್ಟೇ ಹೆದರುತ್ತೇನೆ.

ಎಸೆಯುವುದನ್ನು ನಿಲ್ಲಿಸಿ. ಅವು ಕಲಿತದ್ದನ್ನು ಮರೆಯುವವರೆಗೆ ದೋಣಿಗಳನ್ನು ಕಟ್ಟಿಹಾಕಿ. ನಾವು ಪಂಪ್ ಇಡುವ ಜಾಗಗಳಿಗೆ ಕಬ್ಬಿಣದ ಜಾಲರಿ ಹಾಕಿಸಿ. ಬಿಸಿಲಿಗೆ ಬಳ್ಳಿಗಳು ಬಾಡುತ್ತಿವೆ. ನಾಳೆ ನೀರು ಹಾಯಿಸಲೇಬೇಕು. ನಾದಿನಿ ಹಾಸಿಗೆಯಲ್ಲಿದ್ದಾಳೆ. ಇಳಿಯುವವಳು ನಾನು.

ಇಂತಿ,
ಈಜು ಬಲ್ಲವಳಾದರೂ ಪ್ರಯೋಜನವಿಲ್ಲದ
ಒಬ್ಬ ತರಕಾರಿ ಬೆಳೆಗಾರ್ತಿ