ಕಣದ ಬಿಸಿಲು, ಕಡಲ ಬಿಸಿಲು

ರೀ,

ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಬಿಡಿಸುವಾಗ ಈ ಕಾಗದ ನಿಮ್ಮ ಕಾಲ ಬಳಿ ಬೀಳುತ್ತದೆ. ಎತ್ತಿಕೊಳ್ಳಿ. ಕನ್ನಡಕ ಅಂಗಿ ಜೇಬಿನಲ್ಲೇ ಇದೆ, ಅದನ್ನು ಹುಡುಕಿಕೊಂಡು ಒಳಗೆ ಬರಬೇಡಿ. ಒಂದೇ ಮನೆಯಲ್ಲಿ ಇದ್ದುಕೊಂಡು ಗಂಡನಿಗೆ ಕಾಗದ ಬರೆಯುವ ಹೆಂಗಸು ಬಾಳ್ಳುಪೇಟೆ ಸುತ್ತಮುತ್ತ ನಾನೊಬ್ಬಳೇ ಇರಬೇಕು. ಏನು ಮಾಡಲಿ ಹೇಳಿ? ಬಾಯಿ ಬಿಟ್ಟು ಹೇಳಲು ಹೋದರೆ ನೀವು ಆಕಾಶ ನೋಡುತ್ತೀರಿ. ಆಕಾಶ ನೋಡುವ ಮನುಷ್ಯನ ಹತ್ತಿರ ಎಷ್ಟು ಅಂತ ಮಾತಾಡಲಿ?

ಮೊದಲು ವಿಷಯ ಹೇಳಿಬಿಡುತ್ತೇನೆ. ನಾಳೆ ಮಧ್ಯಾಹ್ನ ಸಕಲೇಶಪುರದಿಂದ ರೈಲು. ಮಂಗಳೂರಿಗೆ ಹೋಗಿ, ಅಲ್ಲಿಂದ ಕೊಚ್ಚಿಗೆ. ಕೊಚ್ಚಿಯಲ್ಲಿ ಹಡಗು ಹತ್ತಿ ಲಕ್ಷದ್ವೀಪದ ಕಡೆ ಹೋಗಿ ಬರುವುದು. ನಾನು ಹೋಗುತ್ತಿದ್ದೇನೆ. ಹೋಗಲೇ ಅಂತ ಕೇಳುತ್ತಿಲ್ಲ, ಹೋಗುತ್ತಿದ್ದೇನೆ ಅಂತ ತಿಳಿಸುತ್ತಿದ್ದೇನೆ. ಟಿಕೆಟ್ ಇಬ್ಬರಿಗೂ ಇದೆ, ಮಗಳೇ ಮಾಡಿಸಿದ್ದು. ಅವಳು ಕೆಲಸಕ್ಕಿದ್ದು ಬ್ರೆಡ್ಡು ಬೇಯಿಸುವ ಪ್ರವಾಸಿಗರ ಹಡಗು ಅದು. ಬರುವ ತಿಂಗಳಿಂದ ಅವಳನ್ನು ಬೇರೆ ಹಡಗಿಗೆ ಹಾಕುತ್ತಾರೆ. ಆ ಹಡಗು ಭೂಮಿಯ ಆ ಕಡೆ ಓಡಾಡುವಂಥದ್ದು, ನಮ್ಮ ದಡಕ್ಕೆ ಬರುವುದೇ ಇಲ್ಲ. ಈಗ ನೋಡದಿದ್ದರೆ ಮತ್ತೆ ಮಾನಸಾಳ ಮುಖ ನೋಡುವುದು ಯಾವಾಗಲೋ ಆ ದೇವರಿಗೇ ಗೊತ್ತು.

ಹೋದ ವಾರ ಈ ಮಾತು ತೆಗೆದಾಗ ನೀವು ಏನೆಂದಿರಿ, ನೆನಪಿದೆಯಾ? "ಚಳಿಗಾಲದಲ್ಲಿ ಯಾರಾದ್ರೂ ಸಮುದ್ರಕ್ಕೆ ಹೋಯ್ತಾರೇನೇ? ಗಾಳಿ ಹೊಡ್ದು ಎದೆ ಕಟ್ಕತದೆ. ನಡು ನೀರಲ್ಲಿ ಮಳೆ ಹಿಡ್ಕಂಡ್ರೆ ಎಲ್ಲಿ ನಿಂತ್ಕತೀಯ? ಅದೂ ಅಲ್ದೆ ಕಣದಲ್ಲಿ ಕಾಫಿ ಐತೆ." ಇಷ್ಟು ಹೇಳಿ ಒಣಗಲು ಹಾಕಿದ ಕಾಫಿ ಎಳೆದು ಹರಡಲು ಹೋದಿರಿ. ನಾನು ಸುಮ್ಮನಾದೆ ಅಂದುಕೊಂಡಿರಿ. ನಾನು ಸುಮ್ಮನಾಗಲಿಲ್ಲ, ಮಗಳಿಗೆ ಫೋನು ಮಾಡಿದೆ. ನಿಮ್ಮ ಒಂದೊಂದು ಪ್ರಶ್ನೆಯನ್ನೂ ಅವಳ ಮುಂದೆ ಇಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಉತ್ತರ ಕೊಟ್ಟಳು. ಅವಳು ಹೇಳಿದ್ದು ಹೇಳಿದ ಹಾಗೇ ಬರೆಯುತ್ತೇನೆ, ನಡುವೆ ಆಕಾಶ ನೋಡದೆ ಓದಿ.

"ಅಮ್ಮಾ, ಇಲ್ಲಿ ಚಳಿಗಾಲ ಅನ್ನೋದೇ ಇಲ್ಲ. ನಮ್ಮೂರಲ್ಲಿ ಏಪ್ರಿಲ್ ಬಿಸಿಲಿರ್ತದಲ್ಲ, ಅದಕ್ಕೆ ಒಂಚೂರು ಹಸಿ ಗಾಳಿ ಸೇರಿಸ್ಕೋ, ಅದೇ ಇಲ್ಲಿ ಜನವರಿ. ಮೈ ಅಂಟಂಟು ಅಂತದೆ. ಬಿಸಿಲು ಮೇಲಿಂದ ಬೀಳೋದಲ್ದೆ ನೀರಿಗೆ ಬಡ್ದು ಕೆಳಗಿಂದಾನೂ ಸುಡ್ತದೆ, ಅಪ್ಪಂಗೆ ಟೋಪಿ ಬೇಕೇ ಬೇಕು. ಮಳೆ ಬರೋದೇ ಅಪರೂಪ. ಬಂದ್ರೂ ನಮ್ಮೂರ ಥರ ವಾರಗಟ್ಟಲೆ ಹಿಡ್ಕಂಡು ಕೂರಲ್ಲ. ಒಂದು ಮೋಡ ಬರ್ತದೆ, ದಬದಬ ಸುರೀತದೆ, ನೀನು ಒಂದು ಲೋಟ ಕಾಫಿ ಕುಡ್ದು ಮುಗಿಸೋ ಹೊತ್ಗೆ ಬಿಸಿಲು ಬಂದಿರ್ತದೆ."

ಚಂಡಮಾರುತದ ವಿಷಯವನ್ನೂ ಕೇಳಿದೆ. ಟಿವಿಯಲ್ಲಿ ಬೋರ್ಡು ಹಾರುವುದನ್ನು ತೋರಿಸಿದಾಗಲೆಲ್ಲ ನೀವು ನನ್ನ ಕಡೆ ತಿರುಗಿ "ನೋಡ್ದಾ?" ಅನ್ನುತ್ತೀರಲ್ಲ, ಅದಕ್ಕೇ ಕೇಳಿದೆ. ಅದರ ಕಾಟವೆಲ್ಲ ಹೆಚ್ಚಾಗಿ ಡಿಸೆಂಬರ್ ಒಳಗೇ ಮುಗಿಯುತ್ತದಂತೆ. ಜನವರಿಯಲ್ಲಿ ಆ ಕಡೆ ನೀರು ಸಾಧುವಾಗಿರುತ್ತದಂತೆ. ಹಾಗೇನಾದರೂ ಗಾಳಿ ಎದ್ದರೆ ಹಡಗಿನವರಿಗೆ ಮೊದಲೇ ಗೊತ್ತಾಗುತ್ತದೆ, ದಾರಿ ಬದಲಿಸುತ್ತಾರೆ. ಹೊಟ್ಟೆ ತೊಳೆಸುವುದಿಲ್ಲವೇ ಅಂದಿದ್ದಕ್ಕೆ, "ಬಿಸಿಲೆ ಘಾಟಿ ತಿರುವಲ್ಲಿ ಜೀಪಲ್ಲಿ ಕೂತೋರಿಗೆ ಇದೇನೂ ಅಲ್ಲ ಕಣಮ್ಮ" ಅಂತ ನಕ್ಕಳು.

ನಾನೂ ಒಂದು ಪೆದ್ದುತನ ಮಾಡಿದ್ದೆ. ಚಳಿಗಾಲ ಅಂದಮೇಲೆ ಚಳಿ ಅಲ್ಲವೇ? ನಿಮ್ಮ ಕಂಬಳಿ, ಮಂಕಿ ಟೋಪಿ, ನನ್ನ ಎರಡು ಸ್ವೆಟರು, ಉಣ್ಣೆಯ ಕಾಲುಚೀಲ ಎಲ್ಲ ತುರುಕಿ ಬ್ಯಾಗಿನ ಜಿಪ್ಪು ಹಾಕಲಾಗದೆ ಅದರ ಮೇಲೆ ಕೂತು ಫೋನು ಮಾಡಿದ್ದೆ. ಮಾನಸಾ ನಕ್ಕ ನಗುವಿಗೆ ಪಕ್ಕದಲ್ಲಿದ್ದವರೂ ಏನು ಅಂತ ಕೇಳಿದರಂತೆ. ಎಲ್ಲ ತೆಗೆದು ಹತ್ತಿ ಬಟ್ಟೆ ತುಂಬಿದೆ. ಆಮೇಲೆ ಅವಳೇ ಮತ್ತೆ ಫೋನು ಮಾಡಿ, "ಒಂದೊಂದು ಸ್ವೆಟರ್ ಇರ್ಲಿ. ಹೊರಗೆ ಬೆವರು, ಒಳಗೆ ಎಸಿ ಹಾಕಿ ನಡುಗಿಸ್ತಾರೆ. ಸಂಜೆ ಮೇಲ್ಗಡೆ ಗಾಳಿ ಜೋರಿರ್ತದೆ, ಅಪ್ಪನ ಕಿವಿಗೆ ಆಗಲ್ಲ" ಅಂದಳು. ಮಂಕಿ ಟೋಪಿ ಹಾಗಾಗಿ ಬ್ಯಾಗಿಗೆ ವಾಪಸು ಬಂದಿದೆ. ಅಷ್ಟರ ಮಟ್ಟಿಗೆ ನೀವು ಗೆದ್ದಿರಿ.

ನೋಡಿ, ನಿಮ್ಮ ಭಯ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮಾನಸಾ ಹೊಟ್ಟೆಯಲ್ಲಿದ್ದ ವರ್ಷ ಇದೇ ತಿಂಗಳಲ್ಲಿ ಸುರಿದ ಮಳೆ ನನಗೂ ನೆನಪಿದೆ. ಒಣಗಲು ಹಾಕಿದ ಹಣ್ಣೆಲ್ಲ ಬೂಷ್ಟು ಹಿಡಿದು, ಆ ವಾಸನೆ ಅಡುಗೆಮನೆಯವರೆಗೂ ಬಂದಿತ್ತು. ನೀವು ಕಣದ ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಿರಿ, ನಾನು ಬಸುರಿ ನಿಮ್ಮ ಪಕ್ಕ ಕೂತಿದ್ದೆ. ಆವತ್ತಿನಿಂದ ಜನವರಿಯಲ್ಲಿ ನೀವು ಕಣ ಬಿಟ್ಟು ಕದಲಿಲ್ಲ. ನಾನೂ ಕದಲಿ ಅನ್ನಲಿಲ್ಲ. ತವರಿನ ಮದುವೆಗಳಿಗೆ ಒಬ್ಬಳೇ ಹೋಗಿ, "ಯಜಮಾನ್ರು ಬರ್ಲಿಲ್ವಾ?" ಅಂದವರಿಗೆಲ್ಲ "ಕಣದಲ್ಲಿ ಕಾಫಿ ಇದೆ" ಅಂದಿದ್ದೇನೆ. ನಮ್ಮ ಕಡೆ ಆ ಒಂದು ಮಾತು ಸಾಕು, ಯಾರೂ ಮರುಮಾತಾಡುವುದಿಲ್ಲ.

ಕಣದ ಕೆಲಸ ಮುಗಿಯುತ್ತಾ ಬಂದಿದ್ದ ಒಂದು ಫೆಬ್ರವರಿಯಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದು ನೆನಪಿದೆಯಾ? ಮಾನಸಾ ಆಗ ಎರಡನೇ ಕ್ಲಾಸು. ಅಷ್ಟು ದೂರ ಇಳಿದಾಗಿದೆ, ಇನ್ನೊಂದಿಷ್ಟು ಹೋದರೆ ಮಂಗಳೂರು, ಮಗುವಿಗೆ ಸಮುದ್ರ ತೋರಿಸೋಣ ಅಂದೆ. ಅವಳು ಕಪ್ಪೆಚಿಪ್ಪು ತುಂಬಲು ಮನೆಯಿಂದಲೇ ಡಬ್ಬಿ ತಂದಿದ್ದಳು. ನೀವು ಜೀಪಿನಿಂದ ಇಳಿದು ಗಾಳಿ ಮೂಸಿ, "ಘಟ್ಟದ ಮೇಲೆ ಮೋಡ ಕಟ್ತಾ ಐತೆ, ನಡೀರಿ" ಅಂದು ಜೀಪು ತಿರುಗಿಸಿದಿರಿ. ಶಿರಾಡಿ ಹತ್ತುವವರೆಗೂ ಅವಳು ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಮನೆಗೆ ಬಂದರೆ ಕಣದಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಆವತ್ತು ನೀವು ಸಮುದ್ರ ತೋರಿಸಲಿಲ್ಲ, ಅವಳು ಸಮುದ್ರದಲ್ಲೇ ಕೆಲಸ ಹಿಡಿದಳು. ತಪ್ಪು ಅವಳದಾ ನಿಮ್ಮದಾ, ನೀವೇ ಹೇಳಿ.

ಅವಳು ಕೆಲಸಕ್ಕೆ ಹೊರಟಾಗ "ಕಂಡೋರಿಗೆ ರೊಟ್ಟಿ ಸುಡೋಕೆ ಇಷ್ಟೊಂದು ಓದಿಸ್ಬೇಕಿತ್ತಾ?" ಅಂದಿರಿ. ಬಾಳ್ಳುಪೇಟೆಯಲ್ಲಿ ಬಸ್ಸು ಬರುವವರೆಗೂ ಅವಳು ನಮ್ಮ ತೋಟದ ರಸ್ತೆಯನ್ನೇ ನೋಡುತ್ತಿದ್ದಳು. ನೀವು ಬರಲಿಲ್ಲ. ಕಣದಲ್ಲಿ ಕಾಫಿ ಇತ್ತು, ನಿಜ. ಆದರೆ ಆಕಾಶದಲ್ಲಿ ಬೊಗಸೆಯಷ್ಟೂ ಮೋಡವಿರಲಿಲ್ಲ ಕಣ್ರೀ. ಆಮೇಲೆ ಅವಳ ಫೋನು ಬಂದಾಗಲೆಲ್ಲ ನೀವು ಕೈ ಆಡಿಸಿ, "ಕಣದಲ್ಲಿದ್ದೀನಿ ಅನ್ನು" ಅಂತ ಪಿಸುಗುಟ್ಟುತ್ತಿದ್ದಿರಿ. ನಾನು ಹಾಗೇ ಹೇಳುತ್ತಿದ್ದೆ. ಎರಡು ವರ್ಷವಾಯಿತು.

ಈಗ ನಿಮಗೆ ಗೊತ್ತಿಲ್ಲದ ಎರಡು ಸಂಗತಿ ಹೇಳುತ್ತೇನೆ.

ಮೊನ್ನೆ ಹೊಸ ಟಾರ್ಪಾಲು ತರಲು ಸೋಮಯ್ಯನ ಅಂಗಡಿಗೆ ನನ್ನನ್ನು ಕಳಿಸಿದಿರಲ್ಲ, ಅವರು ಟಾರ್ಪಾಲು ಮಡಿಸುತ್ತಾ, "ಏನ್ರಮ್ಮ, ಮಗಳ ಹಡಗು ಈಗ ಕೊಚ್ಚಿ ಕಡೆ ಐತಂತೆ? ನಿಮ್ಮ ಯಜಮಾನ್ರು ಬಸವರಾಜಣ್ಣ ಟಿವಿ ನೋಡಿ ನಮ್ಗೆಲ್ಲ ದಿನಾ ಫೋನಲ್ಲಿ ವರದಿ ಕೊಡ್ತಾರೆ. ಇವತ್ತು ಅಲ್ಲಿ ಬಿಸ್ಲು, ನಾಳೆ ಗಾಳಿ ಜಾಸ್ತಿ, ಹುಡುಗಿ ತಲೆಗೊಂದು ಬಟ್ಟೆ ಕಟ್ಕಂತಾಳೋ ಇಲ್ವೋ ಅಂತ. ಆವಯ್ಯನ ಬಾಯಲ್ಲಿ ಈಗ ಸಕಲೇಶಪುರದ ಮಳೆ ಸುದ್ದೀನೇ ಇಲ್ಲ ಮಾರಾಯ್ರೆ!" ಅಂದರು. ಊರಿಗೆಲ್ಲ ಹೇಳುವ ಮಾತು ಮಗಳೊಬ್ಬಳಿಗೆ ಹೇಳಲಾಗದ ಮೊಂಡ ನೀವು. ಸಿಟ್ಟೂ ಬಂತು, ಅಳುವೂ ಬಂತು. ಟಾರ್ಪಾಲು ಹೊತ್ತುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮುಖ ತಿರುಗಿಸಿ ಅತ್ತೆ.

ಇನ್ನೊಂದು. ಹೋದ ಜುಲೈಯಲ್ಲಿ, ಆ ಜಡಿಮಳೆಯಲ್ಲಿ, ಮಾನಸಾ ಫೋನು ಮಾಡಿದಾಗ ನೀವು ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದಿರಿ. ಯಾವತ್ತಿನಂತೆ ಕೈ ಆಡಿಸಿದಿರಿ. ನಾನೂ ಯಾವತ್ತಿನಂತೆ, "ಅಪ್ಪ ಕಣದಲ್ಲಿದ್ದಾರೆ ಕಣವ್ವ" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಜುಲೈ ತಿಂಗಳಲ್ಲಿ ಕಣದಲ್ಲಿ ಏನಿರುತ್ತದೆ ರೀ? ಕಾಫಿ ಸೀಮೆಯಲ್ಲಿ ಹುಟ್ಟಿದ ಹುಡುಗಿಗೆ ಅದು ಗೊತ್ತಾಗುವುದಿಲ್ಲವೇ? ಅವಳು ನಿಧಾನಕ್ಕೆ, "ಕಣ ಪಾಚಿ ಕಟ್ಟಿರ್ತದಲ್ಲಮ್ಮ. ಅಪ್ಪ ಜಾರಿ ಬಿದ್ದುಬಿಟ್ಟಾರು. ಚಪ್ಪಲಿ ಹಾಕ್ಕೊಂಡು ನಡೀಲಿ ಅಂತ ಹೇಳು" ಅಂದಳು. ಅಷ್ಟೇ. ಅದು ಸುಳ್ಳು ಅನ್ನಲಿಲ್ಲ, ಅಪ್ಪನಿಗೆ ನನ್ನ ಮೇಲೆ ಇನ್ನೂ ಕೋಪವಾ ಅಂತಲೂ ಕೇಳಲಿಲ್ಲ. ನಿಮ್ಮ ಮಾನ ಉಳಿಸಿದಳು ನಿಮ್ಮ ಮಗಳು. ಆವತ್ತೇ ನಿಮಗೆ ಹೇಳಬೇಕಿತ್ತು.

ಅದಕ್ಕೇ ಈಗ ನಿರ್ಧಾರ ಮಾಡಿದ್ದೇನೆ. ಕಣಕ್ಕೆ ಬೇಕಾದ ಏರ್ಪಾಡೆಲ್ಲ ಆಗಿದೆ. ನಿಮ್ಮ ತಮ್ಮ ಮಹೇಶ ಆಲೂರಿನಿಂದ ನಾಳೆ ಬೆಳಿಗ್ಗೆಯೇ ಬಂದು ನಾವು ಬರುವ ತನಕ ಇಲ್ಲೇ ಇರುತ್ತಾನೆ. ನಾನು ಈ ಮನೆಗೆ ಬಂದಾಗಿನಿಂದ ಕಾಫಿ ಎಳೆಯುತ್ತಿರುವ ಲಿಂಗಮ್ಮ, "ಹೋಗ್ಬನ್ನಿ ಅಮ್ಮಾರೆ. ಮೋಡ ಕಂಡ್ರೆ ನಾವೇನು ಕಣ್ಮುಚ್ಕಂಡು ಕೂತಿರ್ತೀವಾ? ಅಯ್ಯಾರು ಇದ್ರೆ ಕೂಗಾಟ ಜಾಸ್ತಿ, ಕೆಲ್ಸ ಕಮ್ಮಿ" ಅಂದಳು. ಸಿಟ್ಟಾಗಬೇಡಿ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಮಳೆ ಬಂದರೆ ಮುಚ್ಚುತ್ತಾರೆ. ಅಕಸ್ಮಾತ್ ಒಂದಿಷ್ಟು ನೆನೆದರೆ ನೆನೆಯಲಿ ಬಿಡಿ. ಕಾಫಿ ಮುಂದಿನ ವರ್ಷವೂ ಹಣ್ಣಾಗುತ್ತದೆ.

ಇವತ್ತು ಬೆಳಿಗ್ಗೆ ಮಾನಸಾ ಕೇಳಿದಳು, "ಅಮ್ಮಾ, ಅಪ್ಪ ಬರ್ತಾರಾ?" ಅಂತ. ಒಲೆಯ ಮೇಲೆ ಹಾಲಿದೆ ಅಂದು ಫೋನು ಇಟ್ಟೆ. ಕೊಚ್ಚಿಯಲ್ಲಿ ನಾನೊಬ್ಬಳೇ ಇಳಿದರೆ ಅವಳು ಮತ್ತೆ ಅದನ್ನೇ ಕೇಳುತ್ತಾಳೆ. ಆಗ ನಾನು ಕಣದಲ್ಲಿ ಕಾಫಿ ಇದೆ ಅನ್ನುವುದಿಲ್ಲ. ಇದ್ದರೂ ಅನ್ನುವುದಿಲ್ಲ. ಅಪ್ಪನಿಗೆ ಬರಲು ಮನಸ್ಸಾಗಲಿಲ್ಲ ಅನ್ನುತ್ತೇನೆ. ಆ ಮಾತು ಅವಳ ಕಿವಿಗೆ ಬೀಳಲಿ ಅಂತ ನಿಮಗಿದ್ದರೆ ಇಲ್ಲೇ ಇರಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ತಿಂಡಿ ತಿಂದು ನನ್ನ ಜೊತೆ ಬಸ್ಸು ಹತ್ತಿ. ಅವಳ ಹತ್ತಿರ ಏನು ಮಾತಾಡಬೇಕು ಅಂತ ತೋಚದಿದ್ದರೆ ಮಳೆ ವಿಷಯವನ್ನೇ ಕೇಳಿ. ಅವಳು ಎಷ್ಟು ಹೊತ್ತು ಬೇಕಾದರೂ ಹೇಳುತ್ತಾಳೆ, ಥೇಟ್ ನಿಮ್ಮ ಹಾಗೆಯೇ.

ಕಾಗದ ಜೇಬಿಗೆ ಹಾಕಿಕೊಳ್ಳಿ. ಟಾರ್ಪಾಲು ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟು ಒಳಗೆ ಬನ್ನಿ, ಅಕ್ಕಿರೊಟ್ಟಿ ತಟ್ಟುತ್ತಿರುತ್ತೇನೆ. ನನಗೆ ಏನೂ ಹೇಳಬೇಕಾಗಿಲ್ಲ. ನಿಮ್ಮ ಬಟ್ಟೆ ಬ್ಯಾಗಿನಲ್ಲಿವೆ. ಹೊಸ ಚಪ್ಪಲಿ ಹೊಸ್ತಿಲ ಪಕ್ಕ ಇಟ್ಟಿದ್ದೇನೆ, ಬರುವುದಾದರೆ ಅದನ್ನು ಬ್ಯಾಗಿನ ಹತ್ತಿರ ಇಡಿ. ಹಡಗಿನ ಮೇಲ್ಗಡೆ ಮಳೆ ಬಿದ್ದರೆ ಜಾರುತ್ತದಂತೆ. "ಅಪ್ಪ ಚಪ್ಪಲಿ ಹಾಕ್ಕೊಂಡು ನಡೀಲಿ" ಅಂತ ಮಾನಸಾ ಈ ಸಲವೂ ಹೇಳಿದ್ದಾಳೆ.

ಕಣದಲ್ಲೂ ಕಡಲಲ್ಲೂ ಒಳ್ಳೆಯ ಬಿಸಿಲು ಬೀಳಲಿ ಅಂತ ಬೇಡಿಕೊಳ್ಳುವ,

ನಿಮ್ಮವಳು,
ಗಂಗಾಮಣಿ