ಕಾರು ತರಬೇಡ

ಎಮ್ರಿಸ್,

ಕಾರಿನ ಕೀಲಿಗಾಗಿ ಮನೆಯೆಲ್ಲ ಜಾಲಾಡಬೇಡ. ಎರಡೂ ಕೀಲಿ ನನ್ನ ಜೇಬಲ್ಲಿವೆ.

ಹೋದ ವರ್ಷ ಇದೇ ಹೊಸ ವರ್ಷದ ಬೆಳಿಗ್ಗೆ ನೀನು ಮಾಡಿದ್ದು ಸಾಕು. ಪರಿಸರದ ಹೋರಾಟಕ್ಕೆ ದುಡ್ಡು ಕೂಡಿಸೋಕೆ ನಾವೆಲ್ಲ ‘ಹೊಗೆ ನಿಲ್ಲಿಸಿ’ ಅಂತ ಬ್ಯಾನರ್ ಹಿಡ್ಕೊಂಡು ಆ ಕೊರೆಯೋ ಸಮುದ್ರಕ್ಕೆ ಇಳಿದ್ರೆ, ಹಿಂದುಗಡೆ ನಮ್ಮದೇ ಕಾರು ಅರ್ಧ ಗಂಟೆಯಿಂದ ಹೊಗೆ ಉಗುಳ್ತಾ ನಿಂತಿತ್ತು. ನಾನು ಬಂದು ಕೂತಾಗ ಬೆಚ್ಚಗಿರಲಿ ಅಂತ ಹೀಟರ್ ಹಾಕಿದ್ಯಂತೆ! ಪೇಪರಿನವನು ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದ.

ಈ ಸಲ ನೀರಿಗಿಳಿಯೋದಕ್ಕೆ ಚಂದಾ ಕೇಳೋಕೆ ಹೋದ್ರೆ ಮಾಂಸದಂಗಡಿ ಹೆವಿನ್, “ಏನಮ್ಮಾ ನೆರಿಸ್, ಗಾಡಿ ಬಿಸಿ ಮಾಡಿಟ್ಟೇ ನೀರಿಗಿಳೀತೀಯಾ?” ಅಂದ. ಅಂಗಡೀಲಿದ್ದವರೆಲ್ಲ ಗೊಳ್ಳಂತ ನಕ್ಕರು. ಒಬ್ಬರೂ ಕಾಸು ಬಿಚ್ಚಲಿಲ್ಲ.

ಸಮುದ್ರದ ದಡಕ್ಕೆ ನಡ್ಕೊಂಡು ಬಾ. ಬರೋ ದಾರಿ ಪೂರ್ತಿ ಇಳಿಜಾರು, ಕಾಲೇನೂ ಸವೆಯಲ್ಲ. ಫ್ಲಾಸ್ಕಲ್ಲಿ ಟೀ ತಾ, ಸಕ್ಕರೆಗೆ ಜಿಪುಣತನ ಮಾಡಬೇಡ. ಉಣ್ಣೆ ಟೋಪಿ ಒಲೆ ಪಕ್ಕ ಒಣಗ್ತಿದೆ. ನಾಯಿ ಮನೇಲಿರಲಿ, ಅದು ಎಲ್ಲರ ಕಾಲುಚೀಲ ಕಚ್ಕೊಂಡು ಓಡುತ್ತೆ.

ಇದನ್ನ ಓದಿ ಮುಖ ಊದಿಸ್ಕೊಂಡು ಮನೇಲೇ ಕೂತುಬಿಟ್ಟೀಯ, ಹುಷಾರ್. ನೀರಿಂದ ಎದ್ದು ಬಂದಾಗ ನನ್ನ ಬೆರಳೆಲ್ಲ ಮರಗಟ್ಟಿರುತ್ತೆ, ಕೋಟಿನ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ. ಗೆಳತಿ ಗ್ವೆಂಡಾ ‘ನಾನು ಹಾಕ್ತೀನಿ ಬಾರೇ’ ಅಂತ ಓಡಿ ಬರ್ತಾಳೆ. ನೀನು ಬರೋವರೆಗೂ ಗಡಗಡ ನಡುಗ್ತಾ ನಿಂತಿರ್ತೀನಿ, ಅವಳ ಕೈಲಿ ಮಾತ್ರ ಹಾಕಿಸ್ಕೊಳ್ಳಲ್ಲ.

ನೆರಿಸ್